ಅತ್ತೆಯವರ ಗುಳಿಗೆ ಡಬ್ಬಿ

ಮನೆಯಲ್ಲಿ ಹಿರಿಯರಿದ್ದಾರೆಯೇ? ಹಾಗಿದ್ದರೆ ಅವರ ತಲೆದಿಂಬಿನ ಮಗ್ಗುಲಲ್ಲೋ, ದೇವರ ಮಾಡದ ಕೆಳಗೋ ಒಂದು ಡಬ್ಬಿ ಇದ್ದೇ ಇರುತ್ತದೆ. ಒಂದು ಕಾಲಕ್ಕೆ ಬಿಸ್ಕತ್ತಿನದೋ, ಚಹಾಪುಡಿಯದೋ ಆಗಿದ್ದದ್ದು ಈಗ ಗುಳಿಗೆಯ ಡಬ್ಬಿ. ಅದರಲ್ಲಿ ಅರ್ಧ ಹರಿದ ಪಟ್ಟಿಗಳು, ಕಾಗದದಲ್ಲಿ ಸುತ್ತಿದ ಬಿಡಿ ಮಾತ್ರೆಗಳು, ಯಾವ ವರ್ಷದ್ದೋ ಏನೋ ಒಂದು ಮುಲಾಮು. ಸಕ್ಕರೆ ಡಬ್ಬಿ, ಬೇಳೆ ಡಬ್ಬಿ, ಜೋಳದ ಹಗೇವು ಎಲ್ಲದರ ಲೆಕ್ಕವೂ ಗೃಹಿಣಿಗೆ ಗೊತ್ತು. ಈ ಒಂದು ಡಬ್ಬಿಯ ಲೆಕ್ಕ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ನನಗೂ ಗೊತ್ತಿರಲಿಲ್ಲ, ಸೋದರಿಯರೇ. ಗೊತ್ತಾದದ್ದು ಒಂದು ಶ್ರಾವಣ ಸೋಮವಾರ.

ನಮ್ಮ ಅತ್ತೆಯವರಿಗೆ ಆಗ ಎಪ್ಪತ್ನಾಲ್ಕು ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಳಕಾಲು ನೋವು ಮೂರೂ ಇವೆ. ಸೋಮವಾರ ಒಪ್ಪೊತ್ತು. ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ನಿಯಮದಂತೆ ಗುಳಿಗೆ ನುಂಗಿದರು. ಊಟ ಮಾತ್ರ ಸಂಜೆಗೆ. ಮಧ್ಯಾಹ್ನ ಮೂರರ ಸುಮಾರಿಗೆ ಹಿತ್ತಲಲ್ಲಿ ಧೊಪ್ಪೆಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಅತ್ತೆ ನೆಲದ ಮೇಲೆ ಕೂತಿದ್ದಾರೆ, ಮೈಯೆಲ್ಲಾ ಬೆವರು, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ನನ್ನನ್ನು ನೋಡಿ, ಎಂದೋ ತೀರಿಕೊಂಡ ತಮ್ಮ ಅಕ್ಕನ ಹೆಸರು ಹಿಡಿದು ಕರೆದರು! ನನ್ನ ಜೀವವೇ ಹಾರಿಹೋಯಿತು.

ಪುಣ್ಯಕ್ಕೆ ಓಣಿಯ ಆಶಾ ಕಾರ್ಯಕರ್ತೆ ಮನೆಯಲ್ಲಿದ್ದಳು. ಬಂದವಳೇ, “ನುಂಗಾಕ ಬರ್ತದೇನ್ರಿ ಅವರಿಗೆ? ಬಂದರ ಲಗೂನ ಸಕ್ರಿ ನೀರು ಕುಡಸ್ರಿ” ಎಂದಳು. ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಕಣ್ಣು ಸರಿಯಾಗಿ ಬಿಟ್ಟರು. ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: “ಏನೇನು ಗುಳಿಗೆ ತೊಗೋತಾರೆ?”

ನಾನು ಬಾಯಿ ಬಿಡಲಿಲ್ಲ. ಬಿಡಲು ಉತ್ತರ ಎಲ್ಲಿತ್ತು? “ಬಿಳೀದೊಂದು, ಗುಲಾಬಿ ಬಣ್ಣದ್ದೊಂದು, ಸಣ್ಣದೊಂದು...” ಅಂದೆ. ಇಪ್ಪತ್ತು ವರ್ಷ ಅವರಿಗೆ ಉಣಬಡಿಸಿದವಳು ನಾನು. ಅವರ ಬಾಯಿಗೆ ಹೋಗುವ ರೊಟ್ಟಿ ಎಷ್ಟು ಅಂತ ಗೊತ್ತು, ಗುಳಿಗೆ ಎಷ್ಟು ಅಂತ ಗೊತ್ತಿಲ್ಲ. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಡಬ್ಬಿ ತೆರೆದಾಗ

ಮನೆಗೆ ಬಂದ ಮೂರನೆಯ ದಿನ ಆ ಡಬ್ಬಿಯನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡು, ಅತ್ತೆಯವರನ್ನೂ ಕರೆದುಕೊಂಡು ತಾಲ್ಲೂಕಿನ ಔಷಧಿ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರ ಮಗಳು ಫಾರ್ಮಸಿ ಓದಿದವಳು. ಮಧ್ಯಾಹ್ನದ ಹೊತ್ತು, ಗಿರಾಕಿ ಇರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲೆ ಸುರುವಿದಳು. ಹನ್ನೊಂದು ಬಗೆ!

“ಯವ್ವಾ, ಇಷ್ಟೂ ನೀವs ನುಂಗ್ತೀರೇನು?”

“ಎಲ್ಲಾ ದಿನಾ ಅಲ್ಲವಾ. ನಿದ್ದಿ ಬರ್ಲಿಲ್ಲಂದ್ರ ಅದು, ಮೊಳಕಾಲು ಹಿಡದ್ರ ಇದು” ಅಂದರು ಅತ್ತೆ.

ಹುಡುಗಿ ತನ್ನ ಮೊಬೈಲಿನಲ್ಲಿ ಒಂದು ತಂತ್ರಾಂಶ ತೆರೆದು ಒಂದೊಂದೇ ಹೆಸರು ಹಾಕುತ್ತಾ ಹೋದಳು. ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ ಇರುವ ಕಂಪನಿಯ ಹೆಸರಲ್ಲ, ಕೆಳಗೆ ಸಣ್ಣಕ್ಷರದಲ್ಲಿ ಇರುವ ಮದ್ದಿನ ಮೂಲ ಹೆಸರು. ಅತ್ತೆಯವರ ವಯಸ್ಸು, ತೂಕ, ಆಸ್ಪತ್ರೆಯ ರಕ್ತ ಪರೀಕ್ಷೆಯ ಚೀಟಿಯಲ್ಲಿದ್ದ ಕ್ರಿಯಾಟಿನಿನ್ ಅಂಕಿ ಎಲ್ಲವನ್ನೂ ಹಾಕಿದಳು. ಪರದೆಯ ಮೇಲೆ ಕೆಂಪು ಗುರುತುಗಳು ಮೂಡಿದವು.

ಮೊದಲನೆಯದು: ಸೊಲ್ಲಾಪುರದಲ್ಲಿ ಬರೆದುಕೊಟ್ಟ ಸಕ್ಕರೆ ಗುಳಿಗೆಯಲ್ಲಿ ಎರಡು ಮದ್ದು ಕೂಡಿದ್ದವು, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್. ಊರಲ್ಲಿ ಇನ್ನೊಬ್ಬರು ಬರೆದ ಸಣ್ಣ ಗುಳಿಗೆಯೂ ಗ್ಲಿಮೆಪಿರೈಡೇ! ಹೆಸರು ಬೇರೆ, ಬಣ್ಣ ಬೇರೆ, ಮದ್ದು ಒಂದೇ. ಅತ್ತೆ ಎರಡನ್ನೂ ನುಂಗುತ್ತಿದ್ದರು. ಬರೆದ ಇಬ್ಬರಿಗೂ ಒಬ್ಬರದು ಇನ್ನೊಬ್ಬರಿಗೆ ತಿಳಿದಿರಲಿಲ್ಲ.

ಎರಡನೆಯದು: ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೋಗಿಸುವ ಗುಳಿಗೆ. ಇವೆರಡರ ಮೇಲೆ ಮೊಳಕಾಲಿಗೆಂದು ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ. ಮೂರೂ ಸೇರಿದರೆ ವಯಸ್ಸಾದವರ ಮೂತ್ರಪಿಂಡಕ್ಕೆ ಪೆಟ್ಟು.

ಮೂರನೆಯದು: ನಿದ್ದೆಯ ಗುಳಿಗೆ ಮತ್ತು ನೆಗಡಿಯ ಗುಳಿಗೆ. ಎರಡೂ ಮಂಪರು ತರುವಂಥವು. ರಾತ್ರಿ ಬಚ್ಚಲಿಗೆ ಎದ್ದಾಗ ಬೀಳಲು ಇಷ್ಟೇ ಸಾಕು.

ಆದರೆ ಒಂದು ಮಾತು ಗಮನಿಸಿ. ಅತ್ತೆ ಸೋಮವಾರ ಉಪವಾಸ ಇರುತ್ತಾರೆ ಎಂದು ಯಂತ್ರಕ್ಕೆ ಗೊತ್ತಿರಲಿಲ್ಲ. ನಿದ್ದೆಯ ಗುಳಿಗೆ ಪಕ್ಕದ ಮನೆಯ ಮುದುಕಿಯಿಂದ ಸಾಲ ತಂದದ್ದೆಂದೂ ಅದಕ್ಕೆ ಗೊತ್ತಿರಲಿಲ್ಲ. ಅದನ್ನೆಲ್ಲ ಕೇಳಿ ಹೊರಗೆಳೆದದ್ದು ಆ ಹುಡುಗಿ. ಅವಳು ತಾನಾಗಿ ಒಂದು ಗುಳಿಗೆಯನ್ನೂ ನಿಲ್ಲಿಸಲಿಲ್ಲ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಡಾಕ್ಟರಿಗೆ ಫೋನು ಮಾಡಿ, “ನಾಳೆ ಇದನ್ನ ತೋರಿಸ್ರಿ” ಎಂದು ಕೊಟ್ಟಳು. ಮರುದಿನ ಡಾಕ್ಟರು ಹನ್ನೊಂದನ್ನು ಆರಕ್ಕೆ ಇಳಿಸಿದರು. ಉಪವಾಸದ ದಿನಕ್ಕೆ ಬೇರೆಯೇ ಕ್ರಮ ಹೇಳಿದರು.

ಚೀಟಿಗಳೆಲ್ಲ ಕೂಡುವುದು ಎಲ್ಲಿ?

ಇದು ನಮ್ಮ ಮನೆಯೊಂದರ ಕಥೆ ಅಂದುಕೊಳ್ಳಬೇಡಿ. ನಮ್ಮ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ವಯಸ್ಸಾದವರು ಡಾಕ್ಟರ ಬಳಿ ಹೋಗುವ ದಾರಿಯನ್ನೇ ನೋಡಿ. ಇಂಡಿಯವರಿಗೆ ಸೊಲ್ಲಾಪುರ ಹತ್ತಿರ. ಸಿಂದಗಿಯವರು ಕಲಬುರಗಿಗೂ ಹೋಗುತ್ತಾರೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು ಬಾಗಲಕೋಟೆಗೆ. ಎಲ್ಲರೂ ವಿಜಯಪುರಕ್ಕೆ. ದೊಡ್ಡ ಕಾಯಿಲೆಯಾದರೆ ಮಿರಜಿಗೆ. ನಡುವೆ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆ, ಊರಿನ ಡಾಕ್ಟರು, ಸಂತೆಯ ದಿನದ ನಾಟಿ ಔಷಧಿ. ಹೃದಯಕ್ಕೊಬ್ಬರು, ಕಣ್ಣಿಗೊಬ್ಬರು, ಮೊಳಕಾಲಿಗೊಬ್ಬರು. ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ಸರಿಯಾಗಿಯೇ ಬರೆದಿರಬಹುದು. ಆದರೆ ಎಲ್ಲವೂ ಹೋಗಿ ಬೀಳುವುದು ಒಂದೇ ಹೊಟ್ಟೆಗೆ!

ಈ ಚೀಟಿಗಳೆಲ್ಲ ಒಂದೆಡೆ ಕೂಡುವುದು ಎಲ್ಲಿ ಹೇಳಿ? ಎರಡೇ ಕಡೆ. ಒಂದು, ನಾವು ತಿಂಗಳಿಗೊಮ್ಮೆ ಹೋಗುವ ಔಷಧಿ ಅಂಗಡಿ. ಇನ್ನೊಂದು, ನಮ್ಮ ಮನೆ. ಆದ್ದರಿಂದ ಅಂಗಡಿಯಲ್ಲಿ ಕೂತ ಫಾರ್ಮಸಿಸ್ಟರೂ ಮನೆಯ ಗೃಹಿಣಿಯೂ ಕೂಡಿ ಕಣ್ಣಿಟ್ಟರೆ ಅರ್ಧ ಅಪಾಯ ತಪ್ಪಿದಂತೆಯೇ.

ವಯಸ್ಸಾದ ಮೈ ಬೇರೆ

“ನನಗ ಕೊಟ್ಟ ಗುಳಿಗಿನs ಅವ್ವಗೂ ಕೊಟ್ಟೆ, ಏನಾತು?” ಎಂದು ಕೇಳುವವರಿದ್ದಾರೆ. ಬಹಳ ಆಗುತ್ತದೆ. ನುಂಗಿದ ಮದ್ದು ಕೆಲಸ ಮುಗಿಸಿ ಹೊರಗೆ ಹೋಗಬೇಕಾದರೆ ಪಿತ್ತಜನಕಾಂಗ, ಮೂತ್ರಪಿಂಡಗಳು ದುಡಿಯಬೇಕು. ವಯಸ್ಸಾದಂತೆ ಅವುಗಳ ಕಸುವು ಇಳಿಯುತ್ತದೆ. ಮೈಯಲ್ಲಿ ನೀರಿನ ಅಂಶ ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಡಯಾಜೆಪಾಮ್ ಎಂಬ ಮಂಪರಿನ ಗುಳಿಗೆಯನ್ನೇ ತೆಗೆದುಕೊಳ್ಳಿ. ಇಪ್ಪತ್ತರ ಹರೆಯದಲ್ಲಿ ಅದರ ಅರ್ಧ ಮೈಯಿಂದ ಇಳಿಯಲು ಸುಮಾರು 20 ಗಂಟೆ ಸಾಕು. ಎಂಬತ್ತರಲ್ಲಿ ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ನಿನ್ನೆಯದು ಇಳಿಯುವ ಮೊದಲೇ ಇಂದಿನದು, ಅದರ ಮೇಲೆ ನಾಳೆಯದು!

ಮೂತ್ರಪಿಂಡದ ಲೆಕ್ಕ ಇನ್ನೂ ಮೋಸದ್ದು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.2 ಎಂದು ಬಂತೆನ್ನಿ. ಅಷ್ಟೇನೂ ಹೆಚ್ಚಲ್ಲ ಅನ್ನಿಸುತ್ತದೆ. ಆದರೆ 1976ರಲ್ಲಿ ಕೆನಡಾದ ಇಬ್ಬರು ವೈದ್ಯರು, ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್, ವಯಸ್ಸು, ತೂಕ ಸೇರಿಸಿ ಒಂದು ಲೆಕ್ಕ ಹಾಕಿಕೊಟ್ಟರು. ಅದರಂತೆ 30 ವರ್ಷದ, 55 ಕಿಲೋ ತೂಕದ ಹೆಣ್ಣುಮಗಳಿಗೆ 1.2 ಬಂದರೆ ಮೂತ್ರಪಿಂಡ ನಿಮಿಷಕ್ಕೆ ಸುಮಾರು 60 ಮಿಲಿಲೀಟರ್ ರಕ್ತದ್ರವ ಶುದ್ಧ ಮಾಡುತ್ತದೆ ಎಂದಾಯಿತು. ಅದೇ 1.2, 75 ವರ್ಷದ, 45 ಕಿಲೋ ತೂಕದ ಅಜ್ಜಿಗೆ ಬಂದರೆ ಸುಮಾರು 29 ಮಾತ್ರ! ಚೀಟಿಯ ಮೇಲಿನ ಅಂಕಿ ಒಂದೇ, ಒಳಗಿನ ಕಸುವು ಅರ್ಧ. ಹೀಗಾಗಿ ಹಿರಿಯರಿಗೆ ಎಷ್ಟೋ ಮದ್ದುಗಳ ಪ್ರಮಾಣ ತಗ್ಗಿಸಬೇಕಾಗುತ್ತದೆ, ಕೆಲವನ್ನು ಕೊಡಲೇಬಾರದು. ಜನಜಂಗುಳಿಯ ಅಂಗಡಿಯಲ್ಲಿ ನಿಂತು ಈ ಲೆಕ್ಕವನ್ನು ತಲೆಯಲ್ಲಿ ಮಾಡುವವರು ಯಾರು? ಅಲ್ಲಿಯೇ ಗಣಕಯಂತ್ರ ನೆರವಿಗೆ ಬರುವುದು.

ಯಂತ್ರ ಮಾಡುವುದೇನು?

ಅಂಗಡಿಗಳಲ್ಲಿ ಈಗ ಕಂಪ್ಯೂಟರ್ ಹೊಸದಲ್ಲ. ಆದರೆ ಬಹಳ ಕಡೆ ಅದರ ಕೆಲಸ ಬಿಲ್ಲು ಮಾಡುವುದು, ದಾಸ್ತಾನು ನೋಡುವುದು ಇಷ್ಟೇ. ನಾನು ಹೇಳುತ್ತಿರುವ ತಂತ್ರಾಂಶ ಬೇರೆ. ಅದರ ಹೊಟ್ಟೆಯಲ್ಲಿ ಸಾವಿರಾರು ಮದ್ದುಗಳ ಗುಣ-ದೋಷಗಳ ಪಟ್ಟಿ ಇರುತ್ತದೆ. ಫಾರ್ಮಸಿಸ್ಟರು ರೋಗಿಯ ವಿವರ ಮತ್ತು ಗುಳಿಗೆಗಳ ಹೆಸರು ಕೊಟ್ಟರೆ ಅದು ಆರು ಸಂಗತಿ ತಾಳೆ ನೋಡುತ್ತದೆ: ಒಂದೇ ಮದ್ದು ಎರಡು ಸಲ ಬಂದಿದೆಯೇ? ಒಂದಕ್ಕೊಂದು ಜಗಳಾಡುವ ಮದ್ದುಗಳಿವೆಯೇ? ರೋಗಿಯ ಬೇರೆ ಕಾಯಿಲೆಗೆ ಇದು ಆಗದೇ? ಮೂತ್ರಪಿಂಡಕ್ಕೆ ತಕ್ಕ ಪ್ರಮಾಣವೇ? ಈ ವಯಸ್ಸಿಗೆ ಸಲ್ಲುವುದೇ? ಮೈಗೆ ಒಗ್ಗದ ಮದ್ದೇ? ಅನುಮಾನ ಬಂದಲ್ಲಿ ಕೆಂಪು ಗುರುತು ಹಾಕುತ್ತದೆ. ತೀರ್ಮಾನ ಅದರದಲ್ಲ, ಮನುಷ್ಯರದು.

“ಈ ವಯಸ್ಸಿಗೆ ಸಲ್ಲದು” ಎಂಬ ಪಟ್ಟಿಯನ್ನು ಮೊದಲು ಮಾಡಿದವರು ಅಮೆರಿಕದ ಡಾಕ್ಟರ್ ಮಾರ್ಕ್ ಬೀರ್ಸ್ ಮತ್ತು ಅವರ ಸಂಗಡಿಗರು, 1991ರಲ್ಲಿ. ವೃದ್ಧಾಶ್ರಮದ ಹಿರಿಯರಿಗಾಗಿ ಮಾಡಿದ ಆ ಪಟ್ಟಿಯನ್ನು ಅಲ್ಲಿನ ವೃದ್ಧವೈದ್ಯರ ಸಂಘ ತಿದ್ದುತ್ತಾ ಬಂದು 2023ರಲ್ಲಿ ಮತ್ತೆ ಪ್ರಕಟಿಸಿತು. ಐರ್ಲೆಂಡಿನ ವೈದ್ಯರು 2008ರಲ್ಲಿ ‘ಸ್ಟಾಪ್’ ಮತ್ತು ‘ಸ್ಟಾರ್ಟ್’ ಎಂಬ ಜೋಡಿ ಪಟ್ಟಿ ತಂದರು. ಯಾವುದನ್ನು ನಿಲ್ಲಿಸಬೇಕು ಎಂಬುದು ಒಂದು, ಕೊಡಬೇಕಾದದ್ದು ಬಿಟ್ಟುಹೋಗಿದೆಯೇ ಎಂಬುದು ಇನ್ನೊಂದು. ಇಂಥ ಪಟ್ಟಿಗಳೇ ತಂತ್ರಾಂಶಗಳ ಬುನಾದಿ.

ಇದರಿಂದ ನಿಜಕ್ಕೂ ಪ್ರಯೋಜನವುಂಟೇ? ಇಂಗ್ಲೆಂಡಿನಲ್ಲಿ 72 ವೈದ್ಯಶಾಲೆಗಳನ್ನು ಆರಿಸಿ, ಸುಮಾರು 4 ಲಕ್ಷ 80 ಸಾವಿರ ರೋಗಿಗಳ ದಾಖಲೆಗಳ ಮೇಲೆ ಪರೀಕ್ಷೆ ಮಾಡಿದರು. ‘ಪಿನ್ಸರ್’ ಎಂಬ ಆ ಅಧ್ಯಯನ 2012ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬಂತು. ಕೆಲವು ವೈದ್ಯಶಾಲೆಗಳಿಗೆ, ಇಂಥಿಂಥ ರೋಗಿಗಳ ಮದ್ದಿನಲ್ಲಿ ಅಪಾಯವಿದೆ ಎಂಬ ಕಂಪ್ಯೂಟರ್ ಪಟ್ಟಿಯನ್ನಷ್ಟೇ ಕೊಟ್ಟರು. ಉಳಿದವಕ್ಕೆ ಪಟ್ಟಿಯ ಜೊತೆಗೆ ಒಬ್ಬ ಫಾರ್ಮಸಿಸ್ಟರನ್ನೂ ಕಳಿಸಿದರು. ಅವರು ವೈದ್ಯರೊಡನೆ ಕೂತು ಒಂದೊಂದನ್ನೂ ಬಗೆಹರಿಸಿದರು. ಆರು ತಿಂಗಳ ಮೇಲೆ ನೋಡಿದಾಗ ಫಾರ್ಮಸಿಸ್ಟರು ಹೋದ ಕಡೆ ತಪ್ಪುಗಳು ಸ್ಪಷ್ಟವಾಗಿ ಕಡಿಮೆಯಾಗಿದ್ದವು. ಹೊಟ್ಟೆಹುಣ್ಣು ಆಗಿದ್ದವರಿಗೆ ರಕ್ಷಣೆಯ ಮದ್ದಿಲ್ಲದೆ ನೋವಿನ ಗುಳಿಗೆ ಕೊಡುವುದು, ಉಬ್ಬಸದವರಿಗೆ ಬೀಟಾ ಬ್ಲಾಕರ್ ಕೊಡುವುದು, 75 ದಾಟಿದವರಿಗೆ ರಕ್ತ ಪರೀಕ್ಷೆ ಮಾಡಿಸದೆ ಕೆಲವು ರಕ್ತದೊತ್ತಡದ, ಮೂತ್ರದ ಗುಳಿಗೆ ಮುಂದುವರಿಸುವುದು, ಈ ಮೂರೂ ಇಳಿದವು. ಪಟ್ಟಿ ಎರಡೂ ಕಡೆ ಒಂದೇ. ವ್ಯತ್ಯಾಸ ತಂದದ್ದು ಮಾತಾಡಿದ ಮನುಷ್ಯ! ನಮ್ಮ ಅಂಗಡಿಯ ಹುಡುಗಿ ಮಾಡಿದ್ದೂ ಅದೇ ಅಲ್ಲವೇ?

ನಮ್ಮಲ್ಲಿ ಏನಾಗಿದೆ?

ನಮ್ಮ ನಾಡು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯರ ಜೊತೆಗೇ ಸುತ್ತಿ ರೋಗಿಯ ಮದ್ದುಗಳನ್ನು ತಾಳೆ ನೋಡುವ ‘ಕ್ಲಿನಿಕಲ್ ಫಾರ್ಮಸಿ’ಯನ್ನು 1990ರ ದಶಕದಲ್ಲೇ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಮತ್ತು ಆಸ್ಪತ್ರೆ ಆರಂಭಿಸಿದವು. ದೇಶದಲ್ಲೇ ಇದು ಮೊದಮೊದಲಿನ ಪ್ರಯತ್ನಗಳಲ್ಲೊಂದು. ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು ಬೆಂಗಳೂರಿನಲ್ಲಿ ಔಷಧ ಮಾಹಿತಿ ಕೇಂದ್ರ ತೆರೆಯಿತು. 2008ರಲ್ಲಿ ‘ಫಾರ್ಮ್ ಡಿ’ ಎಂಬ ಆರು ವರ್ಷದ ಪದವಿ ಭಾರತದಲ್ಲಿ ಬಂತು. ಅದನ್ನು ಓದುವವರು ಆಸ್ಪತ್ರೆಯಲ್ಲೇ ತರಬೇತಾಗುತ್ತಾರೆ. ವಿಜಯಪುರದಲ್ಲಿಯೂ ಬಿಎಲ್‌ಡಿಇ ಸಂಸ್ಥೆಯ ವೈದ್ಯಕೀಯ ಕಾಲೇಜು, ಫಾರ್ಮಸಿ ಕಾಲೇಜು ಎರಡೂ ಇವೆ. ವಚನ ಪಿತಾಮಹ ಫ.ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಸಂಸ್ಥೆಯದು. ನಮ್ಮ ತಾಲ್ಲೂಕುಗಳ ಹುಡುಗ-ಹುಡುಗಿಯರು ಅಲ್ಲಿ ಓದಿ ಬರುತ್ತಿದ್ದಾರೆ.

ಕಾನೂನೂ ನಮ್ಮ ಕಡೆಗಿದೆ. ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ನಿಯಮಗಳ ಪ್ರಕಾರ ಚೀಟಿಯನ್ನು ಪರಿಶೀಲಿಸುವುದು, ಮದ್ದು ಹೇಗೆ ತೆಗೆದುಕೊಳ್ಳಬೇಕೆಂದು ರೋಗಿಗೆ ತಿಳಿಹೇಳುವುದು ನೋಂದಾಯಿತ ಫಾರ್ಮಸಿಸ್ಟರ ಕರ್ತವ್ಯ. ಆದ್ದರಿಂದ ಅಂಗಡಿಯಲ್ಲಿ ಪ್ರಶ್ನೆ ಕೇಳಲು ಸಂಕೋಚ ಬೇಡ. ಅದು ನಮ್ಮ ಹಕ್ಕು. ವೈದ್ಯರು ಮದ್ದಿನ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕು ಎಂದು 2016ರಲ್ಲಿ ನಿಯಮವಾಯಿತು. ಮುಖ್ಯವಾದ 300 ಬ್ರ್ಯಾಂಡ್ ಮದ್ದುಗಳ ಮೇಲೆ 2023ರ ಆಗಸ್ಟ್ 1ರಿಂದ ಕ್ಯೂಆರ್ ಗುರುತು ಕಡ್ಡಾಯವಾಗಿದೆ. ಮೊಬೈಲು ಹಿಡಿದರೆ ಮೂಲ ಹೆಸರು, ತಯಾರಾದ ದಿನ, ಅವಧಿ ಮುಗಿಯುವ ದಿನ ತಿಳಿಯುತ್ತದೆ.

ಮದ್ದಿನಿಂದ ಅಡ್ಡ ಪರಿಣಾಮವಾದರೆ ತಿಳಿಸಲು ‘ಫಾರ್ಮಕೋವಿಜಿಲೆನ್ಸ್’ ಕಾರ್ಯಕ್ರಮ 2010ರಲ್ಲಿ ಆರಂಭವಾಯಿತು. ಅದರ ಶುಲ್ಕವಿಲ್ಲದ ದೂರವಾಣಿ 1800-180-3024. ಡಾಕ್ಟರೇ ಆಗಬೇಕೆಂದಿಲ್ಲ, ನಾವು ನೀವೂ ತಿಳಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ‘ಅಪಾಯವಿಲ್ಲದ ಔಷಧೋಪಚಾರ’ ಎಂಬ ಕರೆ ಕೊಟ್ಟಿತು. ಮದ್ದಿನ ತಪ್ಪುಗಳಿಂದ ಜಗತ್ತಿಗೆ ವರ್ಷಕ್ಕೆ ಸುಮಾರು 4,200 ಕೋಟಿ ಡಾಲರ್ ನಷ್ಟವೆಂದು ಅದರ ಅಂದಾಜು. ನಮ್ಮ ಮನೆಯ ಲೆಕ್ಕಕ್ಕೆ ಬಂದರೆ, ಬಿದ್ದು ಮುರಿದ ಒಂದು ಸೊಂಟದ ಮೂಳೆ ಸಾಕು, ಇಡೀ ವರ್ಷದ ಫಸಲಿನ ಹಣ ಹೋಗಲು.

ಯಂತ್ರಕ್ಕೂ ಕುರುಡುಂಟು

ಹಾಗೆಂದು ಯಂತ್ರವನ್ನು ದೇವರು ಮಾಡಬೇಡಿ. ನಾವು ಹೇಳದ್ದು ಅದಕ್ಕೆ ತಿಳಿಯದು. ಸಂತೆಯಲ್ಲಿ ಕೊಂಡ ಪುಡಿಯಲ್ಲಿ ಸ್ಟೆರಾಯ್ಡ್ ಬೆರೆತಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು? ಇನ್ನೊಂದು ತೊಡಕೂ ಇದೆ. ಸಣ್ಣಪುಟ್ಟದ್ದಕ್ಕೆಲ್ಲ ಎಚ್ಚರಿಕೆ ಕೊಡುತ್ತಿದ್ದರೆ ಫಾರ್ಮಸಿಸ್ಟರೂ ಡಾಕ್ಟರೂ ಬೇಸತ್ತು ಎಲ್ಲವನ್ನೂ ದಾಟಿಸಿಬಿಡುತ್ತಾರೆ. ತೋಳ ಬಂತು ತೋಳ ಅಂದ ಹುಡುಗನ ಕಥೆ! ಅದಕ್ಕೇ, ನಿಜವಾಗಿ ಪ್ರಾಣಕ್ಕೆ ಕುತ್ತು ತರುವಂಥದ್ದನ್ನೇ ಎತ್ತಿ ತೋರಿಸುವಂತೆ ತಂತ್ರಾಂಶ ತಯಾರಿಸುವವರು ಶ್ರಮಿಸುತ್ತಿದ್ದಾರೆ.

ಮುಖ್ಯವಾದ ಎಚ್ಚರಿಕೆ ಇದು: ಈ ಲೇಖನ ಓದಿ ಯಾವ ಗುಳಿಗೆಯನ್ನೂ ನೀವೇ ನಿಲ್ಲಿಸಬೇಡಿ. ಬೀಟಾ ಬ್ಲಾಕರ್, ಸ್ಟೆರಾಯ್ಡ್, ಮೂರ್ಛೆರೋಗದ ಮದ್ದು, ಬಹಳ ದಿನದಿಂದ ನುಂಗುತ್ತಿರುವ ನಿದ್ದೆಯ ಗುಳಿಗೆ ಇವನ್ನು ಒಮ್ಮೆಗೇ ಬಿಟ್ಟರೆ ಅಪಾಯ. ಬಿಡುವುದೂ ಡಾಕ್ಟರ ಮಾತಿನಂತೆಯೇ ಆಗಬೇಕು.

ಮನೆಯಲ್ಲಿ ನಾವು ಮಾಡಬೇಕಾದದ್ದು

*ಡಬ್ಬಿ ಸುರುವುವ ದಿನ.* ಮೂರು ತಿಂಗಳಿಗೊಮ್ಮೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಡಬ್ಬಿಯಲ್ಲಿದ್ದ ಎಲ್ಲವನ್ನೂ, ಎಣ್ಣೆ, ಪುಡಿ, ನಾಟಿ ಔಷಧಿ, ಕಣ್ಣಿನ ಹನಿ ಸಹಿತ, ಒಂದು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಒಯ್ಯಿರಿ. ಸಂತೆಯ ದಿನ ಬೇಡ, ಗದ್ದಲವಿರುತ್ತದೆ. ಒಂದೇ ಅಂಗಡಿಯನ್ನು ಕಾಯಂ ಮಾಡಿಕೊಂಡರೆ ಅವರಿಗೂ ನಿಮ್ಮ ಮನೆಯ ಮದ್ದಿನ ಗುರುತಿರುತ್ತದೆ.

*ಒಂದು ನೋಟ್‌ಬುಕ್ಕು.* ಹಾಲಿನ ಲೆಕ್ಕ ಬರೆದಂತೆ ಬರೆಯಿರಿ. ಮದ್ದಿನ ಮೂಲ ಹೆಸರು, ಯಾವುದಕ್ಕೆ, ಎಷ್ಟು, ಯಾವ ಹೊತ್ತಿಗೆ, ಬರೆದವರು ಯಾರು, ಯಾವಾಗಿನಿಂದ, ಈ ಆರು ಅಂಕಣ ಸಾಕು. ಮೊದಲ ಪುಟದಲ್ಲಿ ವಯಸ್ಸು, ತೂಕ, ಕಾಯಿಲೆಗಳು, ಒಗ್ಗದ ಮದ್ದು, ಕೊನೆಯ ಕ್ರಿಯಾಟಿನಿನ್ ಅಂಕಿ. ಓದಲು ಬಾರದ ಹಿರಿಯರಿಗಾಗಿ ಪಟ್ಟಿಯ ಮೇಲೆಯೇ ಸೂರ್ಯ, ಚಂದ್ರರ ಚಿತ್ರ ಬರೆದು ಅಂಟಿಸಿ. ನಮ್ಮ ಅತ್ತೆಯವರಿಗೆ ನಾನು ಹಾಗೆಯೇ ಮಾಡಿದ್ದೇನೆ.

*ಅಂಗಡಿಯಲ್ಲಿ ಐದು ಪ್ರಶ್ನೆ.* ಇದು ಯಾವುದಕ್ಕೆ? ಮನೆಯಲ್ಲಿರುವ ಯಾವುದಾದರೂ ಗುಳಿಗೆಯೂ ಇದೇ ಏನು? ಹಳೆಯದರ ಜೊತೆ ಇದು ಕೂಡುತ್ತದೆಯೇ? ಊಟಕ್ಕೆ ಮುಂಚೆಯೋ ನಂತರವೋ, ಎಷ್ಟು ದಿನ? ಏನಾದರೆ ಕೂಡಲೇ ಡಾಕ್ಟರ ಬಳಿ ಓಡಬೇಕು?

*ಉಪವಾಸ ಮತ್ತು ಬೇಸಿಗೆ.* ಏಕಾದಶಿ, ಶ್ರಾವಣ ಸೋಮವಾರ, ರಮಜಾನ್ ಯಾವುದೇ ಇರಲಿ, ಸಕ್ಕರೆಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲೇ ಡಾಕ್ಟರನ್ನು ಕೇಳಬೇಕು. ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ವಾಂತಿ-ಭೇದಿಯಾಗಿ ಮೈಯ ನೀರು ಆರಿದರೆ ಮೂತ್ರದ ಗುಳಿಗೆ, ಕೆಲವು ರಕ್ತದೊತ್ತಡದ ಗುಳಿಗೆ, ಮೆಟ್‌ಫಾರ್ಮಿನ್ ತೊಂದರೆ ಕೊಡಬಹುದು. ಅಂದೇ ಡಾಕ್ಟರಿಗೆ ಫೋನು ಮಾಡಿ ಕೇಳಿ.

*ಸಕ್ಕರೆ ಇಳಿದರೆ.* ಬೆವರು, ನಡುಕ, ಎದೆ ಹೊಡೆತ, ತೊದಲು, ಗಲಿಬಿಲಿ ಇದರ ಲಕ್ಷಣ. ಎಚ್ಚರವಿದ್ದು ನುಂಗಲು ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಇಂಡಿಯ ಲಿಂಬೆ ಹಿಂಡಿದ ಶರಬತ್ತೂ ಆದೀತು, ಆದರೆ ಗುಣ ಸಕ್ಕರೆಯದು, ಲಿಂಬೆಯದಲ್ಲ! ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುನಾಳಕ್ಕೆ ಹೋದೀತು. 108ಕ್ಕೆ ಫೋನು ಮಾಡಿ. ಗುಳಿಗೆಯಿಂದ ಇಳಿದ ಸಕ್ಕರೆ ಹಿರಿಯರಲ್ಲಿ ಕೆಲವು ಗಂಟೆಗಳ ಮೇಲೆ ಮತ್ತೆ ಇಳಿಯಬಹುದು. ಆದ್ದರಿಂದ ಚೇತರಿಸಿಕೊಂಡರೂ ಆಸ್ಪತ್ರೆಗೆ ತೋರಿಸಲೇಬೇಕು.

*ಅಡಿಗೆಮನೆಯ ಎಚ್ಚರ.* ರಕ್ತದೊತ್ತಡಕ್ಕೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಮ್ ಉಪ್ಪಿನಲ್ಲಿ ಪೊಟ್ಯಾಸಿಯಮ್ ಇರುತ್ತದೆ. ಟೆಲ್ಮಿಸಾರ್ಟನ್‌ನಂಥ ಗುಳಿಗೆ ನುಂಗುವವರು, ಮೂತ್ರಪಿಂಡದ ತೊಂದರೆಯವರು ಕೇಳದೆ ಬಳಸಬಾರದು. ಥೈರಾಯ್ಡ್ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ಕೊಡಿ. ಕ್ಯಾಲ್ಸಿಯಮ್, ಕಬ್ಬಿಣದ ಗುಳಿಗೆಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಕಬ್ಬಿಣದ ಗುಳಿಗೆ ನುಂಗಿದ ಮೇಲೆ ಚಹಾ ಬೇಡ. ನೆಗಡಿಯ ಗುಳಿಗೆಯನ್ನು ಮಾವನವರಿಗೆ ಕೊಡುವಾಗ ಇನ್ನೂ ಎಚ್ಚರ. ಪ್ರಾಸ್ಟೇಟ್ ಗ್ರಂಥಿ ಊದಿದ್ದರೆ ಮೂತ್ರವೇ ಕಟ್ಟಿಬಿಡಬಹುದು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಯಾವ ವಾರ ಎಂದು ಕೆಂಪಕ್ಷರದಲ್ಲಿ ಬರೆದಿಡಿ.

*ಸಾಲದ ಗುಳಿಗೆ ಬೇಡ.* ಹೆಪ್ಪಿಗೆ ಮಜ್ಜಿಗೆ ಸಾಲ ತರಬಹುದು, ಒಗ್ಗರಣೆಗೆ ಸಾಸಿವೆ ತರಬಹುದು. ಗುಳಿಗೆ ಮಾತ್ರ ತರಬಾರದು, ಕೊಡಲೂಬಾರದು.

ಕೊನೆಗೆ

2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು ಇದ್ದರು. ನಾಳೆ ನಾವೂ ಆ ಲೆಕ್ಕಕ್ಕೆ ಸೇರುವವರೇ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಪ್ರತಿಯೊಂದು ಔಷಧಿ ಅಂಗಡಿಯಲ್ಲೂ ಬಿಲ್ಲು ಮಾಡುವ ಯಂತ್ರದ ಜೊತೆಗೆ ಮದ್ದು ತಾಳೆ ನೋಡುವ ತಂತ್ರಾಂಶವೂ ಬರಲಿ, ಅದರ ಮುಂದೆ ಎರಡು ಮಾತು ಕೇಳುವ ಫಾರ್ಮಸಿಸ್ಟರೂ ಕೂತಿರಲಿ ಎಂದು ಹಾರೈಸೋಣ. ಕಾಯಕದ ದೊಡ್ಡತನವನ್ನು ಜಗತ್ತಿಗೆ ಸಾರಿದ ಬಸವಣ್ಣನವರು ಹುಟ್ಟಿದ್ದು ನಮ್ಮ ಬಾಗೇವಾಡಿಯಲ್ಲೇ. ಗುಳಿಗೆ ಎಣಿಸಿ ಕೊಡುವುದು ವ್ಯಾಪಾರ, ಅದು ಯಾರ ಹೊಟ್ಟೆಗೆ ಹೋಗುತ್ತದೆಂದು ವಿಚಾರಿಸುವುದು ಕಾಯಕ. ಅಂಥವರು ನಿಮ್ಮೂರಲ್ಲಿದ್ದರೆ ಅವರಿಗೊಂದು ಒಳ್ಳೆಯ ಮಾತು ಆಡಿ ಬನ್ನಿ.

ನಮ್ಮ ಅತ್ತೆಯವರು ಈಗ ಚೆನ್ನಾಗಿದ್ದಾರೆ. ಶ್ರಾವಣ ಸೋಮವಾರ ಪೂರ್ತಿ ಬಿಟ್ಟಿಲ್ಲ, ಮಧ್ಯಾಹ್ನ ಸ್ವಲ್ಪ ಫಲಾಹಾರ ಮಾಡಲು ಒಪ್ಪಿದ್ದಾರೆ. “ಶಿವಗ ಗೊತ್ತೈತಿ ಬಿಡವಾ, ನನ್ನ ಸಕ್ರಿ ಎಷ್ಟಂತ” ಎನ್ನುತ್ತಾರೆ. ಶಿವನಿಗೆ ಗೊತ್ತಿರಲಿ, ಸಂತೋಷ. ಸೊಸೆಗೂ ಗೊತ್ತಿರಬೇಕಲ್ಲ? ಅದಕ್ಕೇ ನೋಟ್‌ಬುಕ್ಕು ಈಗ ಉಪ್ಪಿನ ಭರಣಿಯ ಪಕ್ಕದಲ್ಲೇ, ದಿನಾ ಕಣ್ಣಿಗೆ ಬೀಳುವಂತೆ ಇಟ್ಟಿದ್ದೇನೆ.

ಪತ್ರಿಕೆ ಮಡಿಚಿಟ್ಟು ಏಳುವ ಮೊದಲು ಒಂದು ಕೆಲಸ ಮಾಡಿ. ಆ ಡಬ್ಬಿ ಎಲ್ಲಿದೆ ನೋಡಿ.